ರೊಟ್ಟಿಯ ಅಂಚು ಮತ್ತು ವೆಕ್ಟರ್ ರೇಖೆ

ನಿಮ್ಮ ತರಗತಿಯ ಗೋಡೆಯ ಮೇಲೆ 'ಸಮತೋಲನ ಆಹಾರ'ದ ಪಟವೊಂದು ಇದ್ದೀತು. ಇದ್ದರೆ ಒಮ್ಮೆ ಅದರ ಮುಂದೆ ನಿಂತು ಗಮನವಿಟ್ಟು ನೋಡಿ. ಒಂದು ಲೋಟ ಹಾಲು, ಎರಡು ಚೂರು ಬ್ರೆಡ್ಡು, ಅರ್ಧ ಕತ್ತರಿಸಿದ ಕಿತ್ತಳೆ, ಕೆಂಪಗೆ ಹೊಳೆಯುವ ಸೇಬು, ಒಂದು ಮೊಟ್ಟೆ, ಒಂದು ಮೀನು. ಬಣ್ಣಗಳೆಲ್ಲ ಗಾಢ, ಅಂಚುಗಳೆಲ್ಲ ಚೊಕ್ಕಟ. ಮೂಲೆಯಲ್ಲಿ ತಿಳಿಕಂದು ಬಣ್ಣದ ಒಂದು ವೃತ್ತ, ಅದರೊಳಗೆ ನಾಲ್ಕಾರು ಕಂದು ಚುಕ್ಕೆಗಳು. ಕೆಳಗೆ 'ಚಪಾತಿ/ರೊಟ್ಟಿ' ಎಂದು ಬರೆದಿರುತ್ತದೆ. ಆ ಓರೆಗೆರೆಯನ್ನು ಗಮನಿಸಿದಿರಾ? ಎರಡು ಬೇರೆ ಧಾನ್ಯಗಳ, ಎರಡು ಬೇರೆ ವಿಧಾನಗಳ, ಎರಡು ಬೇರೆ ರಚನೆಗಳ ಆಹಾರಕ್ಕೆ ಒಂದೇ ಚಿತ್ರ ಸಾಕೆಂದು ಅದು ಹೇಳುತ್ತಿದೆ!

ಇಂಥ ಪಟವನ್ನು ಗೋಕಾಕ ತಾಲ್ಲೂಕಿನ ಮಮದಾಪುರದ ಮಕ್ಕಳ ಮುಂದೆ ತೂಗುಹಾಕಿದ್ದೇವೆ ಎಂದುಕೊಳ್ಳಿ. (ಮಮದಾಪುರ ಎಂದೊಡನೆ ದೊಡ್ಡ ಕೆರೆಗಳಿರುವ ವಿಜಯಪುರ ಜಿಲ್ಲೆಯ ಊರು ನೆನಪಾಗಬಹುದು. ಇದು ಅದಲ್ಲ, ಬೆಳಗಾವಿ ಜಿಲ್ಲೆಯದು.) ಅಲ್ಲಿಯ ಮಗು ಮನೆಯಲ್ಲಿ ಉಣ್ಣುವುದು ಜೋಳದ ರೊಟ್ಟಿ, ಪುಂಡಿಪಲ್ಯ, ಝುಣಕ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಪಟದ ತಟ್ಟೆಯಲ್ಲಿ ಇವೊಂದೂ ಇಲ್ಲ. 'ಒಳ್ಳೆಯ ಆಹಾರ ಎಂದರೆ ಇದು' ಎಂಬ ತಲೆಬರಹದ ಕೆಳಗೆ ತನ್ನ ಮನೆಯ ಊಟ ಕಾಣದಿದ್ದರೆ ಮಗು ಏನೆಂದು ತಿಳಿಯಬೇಕು? ಪಾಠದ ಮಾತುಗಳು ಮರೆತುಹೋಗಬಹುದು, ವರ್ಷವಿಡೀ ಕಣ್ಣೆದುರು ಇರುವ ಚಿತ್ರ ಮರೆಯುವುದಿಲ್ಲ. 2017ರ ಭಾರತೀಯ ಆಹಾರ ಸಂಯೋಜನೆ ಕೋಷ್ಟಕಗಳ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಸುಮಾರು 10 ಗ್ರಾಂ ನಾರು ಇವೆ. ಅದೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನು ಸುಮಾರು 8 ಗ್ರಾಂ, ನಾರು 3 ಗ್ರಾಮಿಗೂ ಕಡಿಮೆ. ಇಷ್ಟು ಸತ್ವವುಳ್ಳ ಆಹಾರ ಪಟದಲ್ಲಿ ಒಂದು ಓರೆಗೆರೆಯ ಆಚೆಗೆ ಸರಿದು ನಿಂತಿದೆ.

ಇಂದು ಈ ಪಟಗಳೆಲ್ಲ ತಯಾರಾಗುವುದು ವೆಕ್ಟರ್ ಚಿತ್ರ ತಂತ್ರಾಂಶಗಳಲ್ಲಿ. ಆದ್ದರಿಂದ ಈ ಲೇಖನದಲ್ಲಿ ನಾವು ಪರಿಶೀಲಿಸಬೇಕಾದ ಪ್ರಶ್ನೆ ಇದು: ತಪ್ಪು ಉಪಕರಣದ್ದೋ, ಅದನ್ನು ಬಳಸುವ ರೀತಿಯದ್ದೋ?

ಈ ರೇಖೆ ಹುಟ್ಟಿದ್ದು ಎಲ್ಲಿ?

ಗಣಕದಲ್ಲಿ ಚಿತ್ರಗಳನ್ನು ಎರಡು ರೀತಿಯಲ್ಲಿ ಇಡಬಹುದು. ಒಂದು, ಚಿತ್ರವನ್ನು ಸಣ್ಣ ಚೌಕಗಳಾಗಿ, ಅಂದರೆ ಪಿಕ್ಸೆಲ್‌ಗಳಾಗಿ ವಿಭಜಿಸಿ ಪ್ರತಿಯೊಂದರ ಬಣ್ಣವನ್ನು ದಾಖಲಿಸುವುದು. ಕ್ಯಾಮೆರಾದ ಫೋಟೋ ಇಂಥದು. ಇನ್ನೊಂದು, ಚಿತ್ರದಲ್ಲಿರುವ ಆಕಾರಗಳನ್ನು ಗಣಿತದ ಸೂಚನೆಗಳಾಗಿ ಬರೆದಿಡುವುದು. 'ಇಲ್ಲಿಂದ ಇಲ್ಲಿಗೆ ಇಷ್ಟು ಬಾಗಿದ ರೇಖೆ, ಒಳಗೆ ಈ ಬಣ್ಣ' ಎಂಬಂಥ ಸೂಚನೆಗಳಿವು. ಇದೇ ವೆಕ್ಟರ್ ಚಿತ್ರ. ಫೋಟೋವನ್ನು ಹತ್ತು ಪಟ್ಟು ಹಿಗ್ಗಿಸಿದರೆ ಚೌಕಗಳು ಎದ್ದು ಕಾಣುತ್ತವೆ. ವೆಕ್ಟರ್ ಚಿತ್ರವನ್ನು ಅಂಚೆಚೀಟಿಯಿಂದ ಗೋಡೆಯಷ್ಟಕ್ಕೆ ಹಿಗ್ಗಿಸಿದರೂ ಗಣಕವು ಲೆಕ್ಕವನ್ನು ಹೊಸದಾಗಿ ಮಾಡುವುದರಿಂದ ಅಂಚು ಸ್ಫುಟವಾಗಿಯೇ ಉಳಿಯುತ್ತದೆ. ಪಟ ಮುದ್ರಿಸುವವರು ಇದನ್ನು ಮೆಚ್ಚುವುದು ಸಹಜ.

ಈ ಬಾಗಿದ ರೇಖೆಗಳ ಹೆಸರು ಬೆಜಿಯೆ ವಕ್ರರೇಖೆ. ಇದರ ಚರಿತ್ರೆ ಕುತೂಹಲಕಾರಿ. ಫ್ರಾನ್ಸಿನ ಸಿತ್ರೊಯೆನ್ ಕಾರು ಕಂಪನಿಯಲ್ಲಿ ಪಾಲ್ ದ ಕಾಸ್ತೆಲ್‌ಜೋ 1959ರಲ್ಲಿ ಇದರ ಲೆಕ್ಕಾಚಾರದ ಕ್ರಮವನ್ನು ರೂಪಿಸಿದರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೋ ಕಂಪನಿಯ ಪಿಯೆರ್ ಬೆಜಿಯೆ 1960ರ ದಶಕದಲ್ಲಿ ಅದೇ ಬಗೆಯ ರೇಖೆಗಳನ್ನು ಸ್ವತಂತ್ರವಾಗಿ ರೂಪಿಸಿ ಪ್ರಕಟಿಸಿದ್ದರಿಂದ ಹೆಸರು ಅವರದಾಯಿತು. ಇಬ್ಬರ ಉದ್ದೇಶವೂ ಒಂದೇ: ಕಾರಿನ ಮೈಯ ತಗಡನ್ನು ಎಲ್ಲೂ ಮುರಿಯದಂತೆ, ಉಬ್ಬುತಗ್ಗು ಕಾಣದಂತೆ ಬಾಗಿಸುವುದು.

ರೇಖೆಯ ರಚನೆಯನ್ನು ನೀವು ಗ್ರಾಫ್ ಹಾಳೆಯ ಮೇಲೆ ಅಳತೆಪಟ್ಟಿಯಿಂದಲೇ ಮಾಡಿ ನೋಡಬಹುದು. ಅ, ಆ, ಇ, ಈ ಎಂಬ ನಾಲ್ಕು ಬಿಂದುಗಳನ್ನು ಗುರುತಿಸಿ. ರೇಖೆ ಅ ಬಿಂದುವಿನಲ್ಲಿ ಆರಂಭವಾಗಿ ಈ ಬಿಂದುವಿನಲ್ಲಿ ಮುಗಿಯುತ್ತದೆ. ಆ ಮತ್ತು ಇ ಬಿಂದುಗಳು ಹಿಡಿಕೆಗಳಂತೆ ಅದನ್ನು ತಮ್ಮತ್ತ ಎಳೆಯುತ್ತವೆ. ಅಆ, ಆಇ, ಇಈ ಈ ಮೂರು ಗೆರೆಗಳ ಮಧ್ಯಬಿಂದುಗಳನ್ನು ಗುರುತಿಸಿ ಸೇರಿಸಿ. ಬಂದ ಎರಡು ಗೆರೆಗಳ ಮಧ್ಯಬಿಂದುಗಳನ್ನು ಮತ್ತೆ ಸೇರಿಸಿ. ಕೊನೆಗೆ ಉಳಿದ ಒಂದು ಗೆರೆಯ ಮಧ್ಯಬಿಂದು ವಕ್ರರೇಖೆಯ ಮೇಲೆಯೇ ಇರುತ್ತದೆ. ಅರ್ಧಕ್ಕೆ ಬದಲು ಕಾಲುಭಾಗ, ಮುಕ್ಕಾಲು ಭಾಗಗಳನ್ನು ತೆಗೆದುಕೊಂಡರೆ ಬೇರೆ ಬಿಂದುಗಳು ಸಿಗುತ್ತವೆ. ಗಣಕ ಮಾಡುವುದೂ ಇದನ್ನೇ, ನಮಗಿಂತ ಬಹಳ ಬೇಗ, ಅಷ್ಟೆ.

ಇಂಥ ನಾಲ್ಕು ತುಂಡುಗಳನ್ನು ಜೋಡಿಸಿ ವೃತ್ತವನ್ನು ಬರೆಯುವ ವಾಡಿಕೆ ಇದೆ. ಹಿಡಿಕೆಯ ಉದ್ದವನ್ನು ತ್ರಿಜ್ಯದ 0.5523ರಷ್ಟು ಇಟ್ಟರೆ ನಿಜವಾದ ವೃತ್ತಕ್ಕೂ ಇದಕ್ಕೂ ಇರುವ ವ್ಯತ್ಯಾಸ ತ್ರಿಜ್ಯದ ಶೇಕಡಾ 0.03ಕ್ಕಿಂತ ಕಡಿಮೆ. 10 ಸೆಂ.ಮೀ. ತ್ರಿಜ್ಯದ ರೊಟ್ಟಿ ಬರೆದರೆ ತಪ್ಪು 0.03 ಮಿ.ಮೀ. ದಾಟುವುದಿಲ್ಲ. ತಲೆಗೂದಲು ಇದಕ್ಕಿಂತ ದಪ್ಪ! ಗಣಿತಕ್ಕೆ ಇದು ಹೆಮ್ಮೆಯ ವಿಷಯ. ಆದರೆ ನಿಜವಾದ ರೊಟ್ಟಿಯ ಅಂಚಿನಲ್ಲಿರುವ ಬಿರುಕುಗಳು ಹಲವು ಮಿಲಿಮೀಟರ್ ಆಳದವು. ನಾವು ನೂರು ಪಟ್ಟು ಹೆಚ್ಚು ನಿಖರತೆಯಿಂದ ಬರೆದದ್ದು ಅಲ್ಲಿ ಇಲ್ಲದ ಆಕಾರವನ್ನು. ನಿಖರತೆ ಬೇರೆ, ನಿಜ ಬೇರೆ ಎಂಬುದಕ್ಕೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕೇ?

ಅಂಚಿನಲ್ಲಿರುವ ವಿಜ್ಞಾನ

'ಅಂಚಿನ ಬಿರುಕು ಇದ್ದರೇನು, ಬಿಟ್ಟರೇನು? ಚಿತ್ರ ಅಂದವಾಗಿದ್ದರೆ ಸಾಲದೇ?' ಎಂದು ನೀವು ಕೇಳಬಹುದು. ಆ ಬಿರುಕು ಏಕೆ ಬರುತ್ತದೆ ಎಂಬುದನ್ನು ನೋಡೋಣ.

ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದಾಗ ಅದರಲ್ಲಿರುವ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳು ಸೇರಿ ಗ್ಲುಟೆನ್ ಎಂಬ ಜಾಲ ಏರ್ಪಡುತ್ತದೆ. ಈ ಜಾಲ ರಬ್ಬರಿನಂತೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಆದ್ದರಿಂದಲೇ ಚಪಾತಿಯನ್ನು ಲಟ್ಟಿಸಬಹುದು, ಅದರ ಅಂಚು ನುಣುಪಾಗಿ ಉಳಿಯುತ್ತದೆ. ಜೋಳದ ಮುಖ್ಯ ಪ್ರೋಟೀನು ಕಾಫಿರಿನ್. ಅದು ಇಂಥ ಜಾಲವನ್ನು ಕಟ್ಟುವುದಿಲ್ಲ. ಹಾಗಾಗಿ ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಒಟ್ಟುಗೂಡದೆ ಉದುರುತ್ತದೆ. ನಮ್ಮ ತಾಯಂದಿರು ಇದಕ್ಕೆ ಕಂಡುಕೊಂಡ ಉಪಾಯ ಕುದಿಯುವ ಎಸರು. ಸುಮಾರು 70 ಡಿಗ್ರಿ ಸೆಲ್ಸಿಯಸ್ ಮೀರಿದ ನೀರಿನಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಿನಂತಾಗುತ್ತವೆ. ಪ್ರೋಟೀನು ಮಾಡದ ಕೆಲಸವನ್ನು ಪಿಷ್ಟ ಸ್ವಲ್ಪಮಟ್ಟಿಗೆ ಮಾಡಿಕೊಡುತ್ತದೆ. ಆದರೂ ಅದಕ್ಕೆ ಹಿಗ್ಗುವ ಗುಣವಿಲ್ಲ. ಆದ್ದರಿಂದ ರೊಟ್ಟಿಯನ್ನು ಲಟ್ಟಿಸದೆ ಕೈಯಿಂದ ಬಡಿಯುತ್ತಾರೆ. ಬಡಿದಂತೆ ಹರಡುವಾಗ ಸುತ್ತಳತೆ ಹೆಚ್ಚುತ್ತದೆ, ಅಂಚು ಹಿಗ್ಗಲಾರದೆ ಸೀಳುತ್ತದೆ. ಬಡಿಯುವವರು ಆಗಾಗ ಅಂಗೈಯಿಂದ ಅಂಚನ್ನು ಒತ್ತಿ ಕೂಡಿಸುತ್ತಾರಾದರೂ ಸಣ್ಣ ಸೀಳುಗಳು ಉಳಿಯುತ್ತವೆ.

ಹಂಚಿಗೆ ಹಾಕಿದ ಮೇಲೆ ರೊಟ್ಟಿಯ ಮೇಲ್ಮೈಗೆ ನೀರು ಸವರುತ್ತಾರೆ. ಒಣಹಿಟ್ಟು ನೆನೆದು, ಕೈ ಅಥವಾ ಬಟ್ಟೆ ಸಾಗಿದ ದಿಕ್ಕಿನಲ್ಲಿ ಗೆರೆಗಳು ಮೂಡುತ್ತವೆ. ತಿರುವಿ ಹಾಕಿದಾಗ ಒಳಗಿನ ನೀರು ಉಗಿಯಾಗಿ ಪದರ ಬಿಟ್ಟು ಉಬ್ಬುತ್ತದೆ. ಉಬ್ಬಿದ ಭಾಗ ಕಾದ ಕಬ್ಬಿಣಕ್ಕೋ ಕೆಂಡಕ್ಕೋ ತಾಗಿದಲ್ಲಿ ಮಾತ್ರ ಪ್ರೋಟೀನು ಮತ್ತು ಸಕ್ಕರೆಗಳ ನಡುವೆ ಮಯ್ಯಾರ್ ಕ್ರಿಯೆ ನಡೆದು ಕಂದು ಕಲೆಗಳು ಬೀಳುತ್ತವೆ. ಆದ್ದರಿಂದ ಕಲೆಗಳು ಎಲ್ಲೆಂದರಲ್ಲಿ ಬೀಳುವ ಚುಕ್ಕೆಗಳಲ್ಲ. ಅವು ಉಬ್ಬಿನ ನಕ್ಷೆ.

ಈಗ ಹೇಳಿ, ಅಂಚಿನ ಸೀಳು ಅಂದಗೇಡೋ, ಮಾಹಿತಿಯೋ? ಜೋಳದಲ್ಲಿ ಗ್ಲುಟೆನ್ ಇಲ್ಲ ಎಂಬ ಸಂಗತಿಯನ್ನು ಅದು ಕಣ್ಣಿಗೆ ಕಾಣಿಸುತ್ತದೆ. ಸಸ್ಯಶಾಸ್ತ್ರದ ಚಿತ್ರದಲ್ಲಿ ಎಲೆಯ ಅಂಚು ಗರಗಸದಂತಿದ್ದರೆ ಅದನ್ನು ನುಣ್ಣಗೆ ಬರೆದ ವಿದ್ಯಾರ್ಥಿಗೆ ನೀವು ಅಂಕ ಕೊಡುವುದಿಲ್ಲ. ದಾಸವಾಳದ ಎಲೆಗೆ ಇರುವ ಈ ಗೌರವ ರೊಟ್ಟಿಗೆ ಏಕಿಲ್ಲ?

ಸಿದ್ಧಚಿತ್ರಗಳ ಸಂತೆ

ಕಾರಿನ ತಗಡಿಗಾಗಿ ಹುಟ್ಟಿದ ರೇಖೆ ರೊಟ್ಟಿಯ ಸೀಳನ್ನು ಬರೆಯಲಾರದು ಎಂದು ತೀರ್ಮಾನಿಸಿದರೆ ಅದು ಅನ್ಯಾಯ. ಎರಡು ತುಂಡುಗಳು ಕೂಡುವ ಬಿಂದುವಿಗೆ ನೋಡ್ ಎನ್ನುತ್ತಾರೆ. ಅದರ ಎರಡೂ ಬದಿಯ ಹಿಡಿಕೆಗಳು ಒಂದೇ ನೇರದಲ್ಲಿದ್ದರೆ ರೇಖೆ ನುಣುಪಾಗಿ ಮುಂದುವರಿಯುತ್ತದೆ. ಹಿಡಿಕೆಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರೆ ಅಲ್ಲಿ ಚೂಪಾದ ಮೂಲೆ ಬರುತ್ತದೆ. ಅಂದರೆ ಸೀಳು ಬರೆಯಲು ಬೇಕಾದುದೆಲ್ಲ ಈ ಗಣಿತದಲ್ಲಿ ಇದೆ. ತೊಂದರೆ ಇರುವುದು ಬೇರೆ ಕಡೆ: ವೃತ್ತವನ್ನು ಒಂದೇ ಎಳೆತಕ್ಕೆ ಬರೆಯಬಹುದು, ಸೀಳುಳ್ಳ ಅಂಚಿಗೆ ನಲವತ್ತು ನೋಡ್‌ಗಳನ್ನು ಕೂಡಿಸಬೇಕು. ಸುಲಭವಾದದ್ದು ವಾಡಿಕೆಯಾಗುತ್ತದೆ.

ಇದಕ್ಕಿಂತ ಸುಲಭವಾದದ್ದು ಬರೆಯದೇ ಇರುವುದು! 1989ರಲ್ಲಿ ಬಂದ ಕೋರೆಲ್ ಡ್ರಾ ನಮ್ಮ ಮುದ್ರಣಾಲಯಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ ಮನೆಮಾತಾದ ತಂತ್ರಾಂಶ. ಅದರ ಪ್ಯಾಕೇಜಿನೊಂದಿಗೆ ಸಾವಿರಾರು ಸಿದ್ಧಚಿತ್ರಗಳು ಬರುತ್ತಿದ್ದವು. ತಯಾರಿಸಿದ ಕಂಪನಿ ಕೆನಡಾದ್ದು. 'ಆಹಾರ' ವಿಭಾಗ ತೆರೆದರೆ ಬ್ರೆಡ್ಡು, ಚೀಸು, ಹ್ಯಾಂಬರ್ಗರ್ ಸಿಗುವುದು ಸಹಜವೇ. ಅಂತರಜಾಲ ಬಂದ ಮೇಲೆ ಸಿದ್ಧಚಿತ್ರಗಳ ರಾಶಿ ಬೆಳೆಯಿತು, ಅದರ ಸ್ವಭಾವ ಹೆಚ್ಚೇನೂ ಬದಲಾಗಲಿಲ್ಲ. ನಾಳೆ ಬೆಳಗ್ಗೆ ಪಟ ಮುದ್ರಣಕ್ಕೆ ಹೋಗಬೇಕಾಗಿರುವ ಡಿಟಿಪಿ ಕೆಲಸಗಾರನನ್ನು ನಾನು ದೂರುವುದಿಲ್ಲ. ಪುಂಡಿಪಲ್ಯದ ಚಿತ್ರ ಸಿಗದಿದ್ದಾಗ ಸಿಕ್ಕಿದ ಹಸಿರು ಸೊಪ್ಪನ್ನು ಆತ ಇಡುತ್ತಾನೆ. ಅದನ್ನು ಒಪ್ಪಿ ಸಹಿ ಹಾಕಿ ಶಾಲೆಗೆ ಕಳಿಸುವ ನಾವು ಏನು ನೋಡುತ್ತಿದ್ದೆವು ಎಂಬುದು ನನ್ನ ಪ್ರಶ್ನೆ.

ಪದರ ತಪ್ಪಿದರೆ

ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. ಮೊಬೈಲುಗಳಲ್ಲಿ ಬಳಸುವ ಎಮೋಜಿಗಳು ಸಾಮಾನ್ಯವಾಗಿ ವೆಕ್ಟರ್ ತಂತ್ರಾಂಶದಲ್ಲಿ ಬರೆದ ಚಿತ್ರಗಳೇ. 2017ರ ಅಕ್ಟೋಬರಿನಲ್ಲಿ ಗೂಗಲ್ ಕಂಪನಿಯ ಹ್ಯಾಂಬರ್ಗರ್ ಎಮೋಜಿಯಲ್ಲಿ ಚೀಸು ಬಿಲ್ಲೆಯ ಕೆಳಗೆ, ತಳದ ಬ್ರೆಡ್ಡಿನ ಮೇಲೆ ಇರುವುದನ್ನು ಜನ ಗುರುತಿಸಿದರು. ಬಿಸಿ ಬಿಲ್ಲೆಯ ಮೇಲೆ ಕರಗಬೇಕಾದ ಚೀಸು ಕೆಳಗೇಕೆ ಹೋಯಿತು ಎಂದು ನಗೆಯಾಡಿದರು. ಕಂಪನಿಯ ಮುಖ್ಯಸ್ಥ ಸುಂದರ್ ಪಿಚೈ ಅವರೇ ಉತ್ತರಿಸಬೇಕಾಯಿತು. ಅದೇ ದಿನಗಳಲ್ಲಿ ಇನ್ನೊಂದು ತಪ್ಪೂ ಬೆಳಕಿಗೆ ಬಂತು: ಅರ್ಧ ತುಂಬಿದ ಬಿಯರ್ ಲೋಟದಲ್ಲಿ ನೊರೆ ದ್ರವದ ಮೇಲಿರದೆ ಲೋಟದ ಬಾಯಿಯಲ್ಲಿ ತೇಲುತ್ತಿತ್ತು, ನಡುವೆ ಖಾಲಿ! ಆಂಡ್ರಾಯ್ಡ್ 8.1 ಆವೃತ್ತಿಯಲ್ಲಿ ಇವೆರಡನ್ನೂ ತಿದ್ದಲಾಯಿತು.

ಇಂಥ ತಪ್ಪಿಗೆ ಅವಕಾಶ ಎಲ್ಲಿದೆ ಎಂಬುದನ್ನು ಗಮನಿಸಿ. ವೆಕ್ಟರ್ ತಂತ್ರಾಂಶದಲ್ಲಿ ಪ್ರತಿ ಆಕಾರವೂ ಒಂದರ ಮೇಲೊಂದು ಇಟ್ಟ ಬಣ್ಣದ ಕಾಗದದ ಚೂರಿನಂತೆ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಗುಂಡಿಯೊಂದನ್ನು ಒತ್ತಿ ಬದಲಿಸಬಹುದು. ಆ ಚೂರುಗಳಿಗೆ ತೂಕವಿಲ್ಲ, ಅವು ಕರಗುವುದಿಲ್ಲ, ಹರಿಯುವುದಿಲ್ಲ. ಗುರುತ್ವ, ಸಾಂದ್ರತೆ, ಶಾಖ ಇವೆಲ್ಲ ಚಿತ್ರಕಾರನ ತಲೆಯಲ್ಲಿ ಇರಬೇಕು. ಮಜ್ಜಿಗೆಯ ಮೇಲೆ ತೇಲುವ ಬೆಣ್ಣೆ, ಸಾರಿನ ಮೇಲೆ ನಿಲ್ಲುವ ಒಗ್ಗರಣೆಯ ಎಣ್ಣೆ ಇವನ್ನು ಬರೆಯುವವರಿಗೆ ಸಾಂದ್ರತೆಯ ಪಾಠ ಗೊತ್ತಿರಬೇಕಾಗುತ್ತದೆ.

ಇನ್ನೊಂದು ಪ್ರಸಂಗ 2016ರದು. ಸ್ಪೇನಿನ ವೆಲೆನ್ಸಿಯಾ ಪ್ರದೇಶದ ಪಯೆಯಾ ಎಂಬ ಅನ್ನದ ಅಡುಗೆಗೆ ಆಪಲ್ ಕಂಪನಿ ಬರೆದ ಎಮೋಜಿಯಲ್ಲಿ ಸೀಗಡಿ, ಬಟಾಣಿಗಳಿದ್ದವು. ವೆಲೆನ್ಸಿಯಾದವರು 'ನಮ್ಮ ಊರಿನ ಪಯೆಯಾ ಇದಲ್ಲ' ಎಂದು ಆಕ್ಷೇಪಿಸಿದರು. ಚಿತ್ರ ಬದಲಾಯಿತು, ಕೋಳಿ ಮತ್ತು ಹುರುಳಿಕಾಯಿ ಬಂದವು. ಉಣ್ಣುವವರು ಕೇಳಿದರೆ ಚಿತ್ರ ಬದಲಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ನಾವು ಕೇಳಿದ್ದೇವೆಯೇ?

ಕಣ್ಣಿಗೆ ಕಾಣುವ ಅಳತೆ

ಆಹಾರದ ಪಟ ಅಂದಕ್ಕಾಗಿ ಮಾತ್ರ ಇರುವುದಲ್ಲ, ಅದು ಪ್ರಮಾಣವನ್ನೂ ಹೇಳಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕಿಲೋ ಕ್ಯಾಲೊರಿ ಬೇಕಾದವರಿಗೆ ಒಂದು ತಟ್ಟೆಯ ಲೆಕ್ಕವಿದೆ. ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು 85 ಗ್ರಾಂ, ಶೇಂಗಾ ಮೊದಲಾದ ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ, ಹಾಲು 300 ಮಿ.ಲೀ.

ಎಣ್ಣೆ, ಹಾಲುಗಳನ್ನು ಬದಿಗಿಟ್ಟು ಉಳಿದ ಐದನ್ನು ಕೂಡಿಸಿದರೆ 870 ಗ್ರಾಂ. ತಟ್ಟೆಯ 360 ಡಿಗ್ರಿಗಳಲ್ಲಿ ಇದನ್ನು ಹಂಚಿದರೆ ತರಕಾರಿಗೆ 165.5, ಧಾನ್ಯಕ್ಕೆ 103.5, ಹಣ್ಣಿಗೆ 41.5, ಬೇಳೆಗೆ 35, ಬೀಜಗಳಿಗೆ 14.5 ಡಿಗ್ರಿ ಬರುತ್ತದೆ. ತರಕಾರಿ ಮತ್ತು ಹಣ್ಣು ಸೇರಿ ಅರ್ಧ ತಟ್ಟೆಯನ್ನು ಮೀರುತ್ತವೆ. ವೆಕ್ಟರ್ ತಂತ್ರಾಂಶದಲ್ಲಿ ಈ ಕೋನಗಳನ್ನು ಅಂಕಿಗಳಲ್ಲೇ ಬರೆದು ತಟ್ಟೆಯ ಭಾಗಗಳನ್ನು ಕರಾರುವಾಕ್ಕಾಗಿ ಪಡೆಯಬಹುದು. ಇದು ಅದರ ನಿಜವಾದ ಬಲ. ಆದರೆ ಎಷ್ಟು ಪಟಗಳಲ್ಲಿ ಈ ಬಲವನ್ನು ಬಳಸಿದ್ದಾರೆ? ಖಾಲಿ ಜಾಗ ಇದ್ದಲ್ಲಿ ದೊಡ್ಡ ಸೇಬು, ಜಾಗ ಸಾಲದ ಕಡೆ ಚಿಕ್ಕ ಬಟ್ಟಲಿನ ಬೇಳೆ ಎಂಬುದೇ ಸಾಮಾನ್ಯ ನಿಯಮ!

ಚಿತ್ರದ ಮೂಲೆಯನ್ನು ಹಿಡಿದೆಳೆದರೆ ಹಿಗ್ಗುವ ಸೌಲಭ್ಯ ಇಲ್ಲಿ ಶತ್ರುವಾಗುತ್ತದೆ. ರೊಟ್ಟಿಯ ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಅದು ಕಾಗದದ ಮೇಲೆ ನಾಲ್ಕು ಪಟ್ಟು ಜಾಗ ಹಿಡಿಯುತ್ತದೆ. ಲಾಡುವಿನ ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಅದು ಸೂಚಿಸುವ ಗಾತ್ರ ಎಂಟು ಪಟ್ಟು. ಒಂದೇ ಪಟದಲ್ಲಿ ನಿಂಬೆಹಣ್ಣೂ ಕಲ್ಲಂಗಡಿಯೂ ಒಂದೇ ಅಳತೆಯಲ್ಲಿದ್ದರೆ ಮಗು ಯಾವ ಪ್ರಮಾಣವನ್ನು ಕಲಿಯುತ್ತದೆ? ಜೀವಶಾಸ್ತ್ರದ ಚಿತ್ರದ ಪಕ್ಕ ಎಷ್ಟು ಪಟ್ಟು ಹಿಗ್ಗಿಸಲಾಗಿದೆ ಎಂದು ಬರೆಯುತ್ತೇವೆ, ಭೂಪಟದ ಕೆಳಗೆ ಅಳತೆಪಟ್ಟಿ ಹಾಕುತ್ತೇವೆ. ಆಹಾರದ ಪಟಕ್ಕೂ 10 ಸೆಂ.ಮೀ. ತೋರಿಸುವ ಒಂದು ಗೆರೆ ಬೇಕು.

ಇನ್ನೊಂದು ಎಚ್ಚರಿಕೆ. ಮಾರ್ಗಸೂಚಿಯ ಅಂಕಿಗಳು ಹಸಿ ಪದಾರ್ಥದ ತೂಕ. ರೊಟ್ಟಿಗೆ 50 ಗ್ರಾಂ ಹಿಟ್ಟು ಎಂದಿಟ್ಟುಕೊಂಡರೆ 250 ಗ್ರಾಂ ಧಾನ್ಯವೆಂದರೆ ಐದು ರೊಟ್ಟಿ. 100 ಗ್ರಾಂ ಹಸಿ ಸೊಪ್ಪು ಬೇಯಿಸಿದ ಮೇಲೆ ಒಂದು ಹಿಡಿಯಾಗುತ್ತದೆ. ಹಸಿ ತೂಕದ ಲೆಕ್ಕದಲ್ಲಿ ತಟ್ಟೆಯನ್ನು ಹಂಚಿ, ಅದರಲ್ಲಿ ಬೇಯಿಸಿದ ಪಲ್ಯದ ಚಿತ್ರವಿಟ್ಟರೆ ನೋಡುವವರು ದಾರಿತಪ್ಪುತ್ತಾರೆ. ತಟ್ಟೆ ಹಸಿಯದೋ ಬೇಯಿಸಿದ್ದೋ ಎಂಬುದನ್ನು ಪಟದ ಮೇಲೆ ಬರೆಯಲೇಬೇಕು.

ಗೋಕಾಕದ ಪಾಠ

ಆಹಾರದ ಪ್ರತಿಕೃತಿ ಮಾಡುವ ಕಲೆಗೆ ನಾವು ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಮಮದಾಪುರದ ತಾಲ್ಲೂಕು ಕೇಂದ್ರವಾದ ಗೋಕಾಕ ಜಲಪಾತಕ್ಕೆ ಹೇಗೋ ಹಾಗೆಯೇ ಬಣ್ಣದ ಗೊಂಬೆಗಳಿಗೂ ಹೆಸರಾದ ಊರು. ಅಲ್ಲಿಯ ಕುಶಲಕರ್ಮಿಗಳು ಮಾಡುವ ಹಣ್ಣು, ತರಕಾರಿಗಳ ಮಾದರಿಗಳನ್ನು ನೋಡಿದವರಿಗೆ ಒಂದು ಕ್ಷಣ ನಿಜವಾದ ಹಣ್ಣೆಂದೇ ಅನ್ನಿಸುತ್ತದೆ. ಮಾವಿನ ಹಣ್ಣು ಹಳದಿ ಬಣ್ಣದ ಗೋಲವಲ್ಲ. ತೊಟ್ಟಿನ ಬಳಿ ಅದರ ಬಣ್ಣ ಬೇರೆ, ತುದಿಯ ಬಳಿ ಬೇರೆ. ಬದನೆಯ ತೊಟ್ಟಿನ ಟೊಪ್ಪಿಗೆಗೆ ತನ್ನದೇ ಆಕಾರವಿದೆ. ಇಂಥದನ್ನು ಕಣ್ಣಾರೆ ನೋಡಿ, ಕೈಯಲ್ಲಿ ಹಿಡಿದು ಅರಿತವರಿಗಷ್ಟೇ ಪ್ರತಿಕೃತಿ ಸಾಧ್ಯ. ವೆಕ್ಟರ್ ತಂತ್ರಾಂಶದಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ನಿಧಾನವಾಗಿ ತಿರುಗುವಂತೆ ಮಾಡುವ ಉಪಕರಣವಿದೆ, ಅದಕ್ಕೆ ಗ್ರೇಡಿಯೆಂಟ್ ಎನ್ನುತ್ತಾರೆ. ಆದರೆ ಬಣ್ಣ ಎಲ್ಲಿ ತಿರುಗಬೇಕು ಎಂಬುದನ್ನು ಹಣ್ಣೇ ಹೇಳಬೇಕು.

ಗೋಕಾಕದ ಇನ್ನೊಂದು ಹೆಸರಾಂತ ವಸ್ತು ಕರದಂಟು. ಚಿತ್ರಕಾರನಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ತಿನ್ನುವ ಅಂಟನ್ನು ತುಪ್ಪದಲ್ಲಿ ಕರಿದಾಗ ಒಳಗಿನ ತೇವ ಉಗಿಯಾಗಿ ಅಂಟಿನ ಹರಳು ಅರಳುತ್ತದೆ. ಅದಕ್ಕೆ ಬೆಲ್ಲದ ಪಾಕ, ಒಣಕೊಬ್ಬರಿ, ಬಾದಾಮಿ, ಗೋಡಂಬಿ ಮೊದಲಾದವು ಸೇರುತ್ತವೆ. ಕತ್ತರಿಸಿದ ತುಂಡಿನ ಮೈಯಲ್ಲಿ ಇವೆಲ್ಲ ಬೇರೆ ಬೇರೆ ಕೋನದಲ್ಲಿ ಕಾಣುತ್ತವೆ: ಒಂದು ಬಾದಾಮಿ ಉದ್ದಕ್ಕೆ ಸೀಳಿದೆ, ಇನ್ನೊಂದು ಅಡ್ಡಲಾಗಿ. ತಂತ್ರಾಂಶದಲ್ಲಿ ಒಂದೇ ಬಾದಾಮಿ ಬರೆದು ಇಪ್ಪತ್ತು ಪ್ರತಿ ಎರಚುವ ಸೌಲಭ್ಯ ಇದೆ. ಹಾಗೆ ಮಾಡಿದರೆ ಅದು ಕರದಂಟಾಗದೆ ಸೀರೆಯ ಬುಟ್ಟಾ ಆಗುತ್ತದೆ! ಆರೇಳು ಭಿನ್ನ ಚೂರುಗಳನ್ನು ಬರೆದು ತಿರುಗಿಸಿ, ಗಾತ್ರ ಬದಲಿಸಿ ಇಟ್ಟರೆ ಮಿಶ್ರಣದ ಗುಣ ಬರುತ್ತದೆ. ಮಿಶ್ರಣ ಮತ್ತು ಸಂಯುಕ್ತದ ಪಾಠಕ್ಕೂ ಈ ಚಿತ್ರ ಉಪಯೋಗಕ್ಕೆ ಬರುತ್ತದೆ.

ನೀವೇ ಬರೆದು ನೋಡಿ

ಟೀಕೆ ಮಾಡಿ ಸುಮ್ಮನಾದರೆ ಪ್ರಯೋಜನವಿಲ್ಲ. ಇಂಕ್‌ಸ್ಕೇಪ್ ಎಂಬ ಮುಕ್ತ ತಂತ್ರಾಂಶ 2003ರಿಂದ ಉಚಿತವಾಗಿ ಸಿಗುತ್ತಿದೆ. ಐಐಟಿ ಮುಂಬಯಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಅದರ ಪಾಠಗಳಿವೆ. ಶಾಲೆಯ ಗಣಕದಲ್ಲಿ ಅದನ್ನು ಹಾಕಿಕೊಂಡು ಮಕ್ಕಳೊಂದಿಗೆ ಒಂದು ರೊಟ್ಟಿ ಬರೆಯಿರಿ.

ಮೊದಲು ನಿಜವಾದ ರೊಟ್ಟಿಯನ್ನು ತನ್ನಿ. ವ್ಯಾಸವನ್ನು ನಾಲ್ಕು ದಿಕ್ಕುಗಳಲ್ಲಿ ಅಳೆಯಿರಿ. ನಾಲ್ಕೂ ಒಂದೇ ಬಂದರೆ ನನಗೆ ಆಶ್ಚರ್ಯ! ಕಿಟಕಿಯ ಬಳಿ ಇಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇರಿಸಿ, ಮೇಲಿನಿಂದ ಫೋಟೋ ತೆಗೆಯಿರಿ. ಫೋಟೋವನ್ನು ಇಂಕ್‌ಸ್ಕೇಪಿನ ಕೆಳಪದರದಲ್ಲಿ ಇಟ್ಟು ಅಲುಗದಂತೆ ಬೀಗ ಹಾಕಿ.

ಎರಡನೆಯ ಪದರದಲ್ಲಿ ಬೆಜಿಯೆ ಲೇಖನಿಯಿಂದ ಅಂಚನ್ನು ಅನುಸರಿಸಿ. ನುಣುಪಾದ ಕಡೆ ನೋಡ್‌ಗಳು ದೂರ ದೂರ ಇರಲಿ, ಸೀಳಿದ ಕಡೆ ಹತ್ತಿರ ಹತ್ತಿರ. ಸೀಳಿನ ತುದಿಯ ನೋಡನ್ನು ಚೂಪಾದ ಬಗೆಗೆ ಬದಲಿಸಿ. ಫೋಟೋದಿಂದ ತಾನಾಗಿಯೇ ಅಂಚು ಎಳೆಯುವ ಆಯ್ಕೆಯೂ ಇದೆ. ಅದನ್ನು ಬಳಸಬೇಡಿ. ಅದು ನೆರಳನ್ನೂ ಸೀಳನ್ನೂ ಒಂದೇ ಎಂದು ತಿಳಿದು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ನೋಡ್‌ಗಳನ್ನು ಇಡುತ್ತದೆ. ಯಾವುದು ಸೀಳು, ಯಾವುದು ನೆರಳು ಎಂಬ ತೀರ್ಮಾನವೇ ಇಲ್ಲಿಯ ಪಾಠ, ಅದನ್ನು ಯಂತ್ರಕ್ಕೆ ಬಿಟ್ಟರೆ ಮಗು ಕಲಿಯುವುದೇನು?

ಮೂರನೆಯ ಪದರದಲ್ಲಿ ಉಬ್ಬುಗಳನ್ನೂ ಕಲೆಗಳನ್ನೂ ಇರುವಲ್ಲೇ ಬರೆಯಿರಿ. ಪ್ರತಿಯೊಂದನ್ನೂ ಬೇರೆಯಾಗಿ ಬರೆಯಿರಿ, ನಕಲು ಬೇಡ. ಕಲೆಯ ಅಂಚು ಸ್ವಲ್ಪ ಮಸುಕಾಗಲಿ. ನೀರು ಸವರಿದ ಗೆರೆಗಳು ಬಹಳ ತಿಳಿಯಾಗಿರಲಿ. ಬೆಳಕು ಒಂದೇ ದಿಕ್ಕಿನಿಂದ ಬರಲಿ, ನೆರಳು ಅದರ ಎದುರು ದಿಕ್ಕಿಗೆ ಇರಲಿ. ರೊಟ್ಟಿ ತೆಳುವಾದದ್ದು, ಆದ್ದರಿಂದ ನೆರಳೂ ಕಿರಿದು. ಖಡಕ್ ರೊಟ್ಟಿಯಾದರೆ ಅಂಚು ಮೇಲೆದ್ದು ನೆರಳು ಅಗಲವಾಗುತ್ತದೆ.

ಕೊನೆಗೆ ಹೆಸರುಗಳನ್ನು ಯುನಿಕೋಡ್ ಕನ್ನಡದಲ್ಲಿ ಬರೆಯಿರಿ. ಇಂಕ್‌ಸ್ಕೇಪ್ ಚಿತ್ರವನ್ನು ಎಸ್‌ವಿಜಿ ಎಂಬ ಮುಕ್ತ ಮಾದರಿಯಲ್ಲಿ ಉಳಿಸುತ್ತದೆ. 2001ರಲ್ಲಿ ಜಾಗತಿಕ ಮಾನಕವಾದ ಈ ಮಾದರಿಯ ಕಡತ ಒಳಗೆ ಬರಿಯ ಪಠ್ಯವೇ. ಆದ್ದರಿಂದ ಬರೆದ ಪದಗಳು ಪದಗಳಾಗಿಯೇ ಉಳಿಯುತ್ತವೆ. 'ಉಳ್ಳಾಗಡ್ಡಿ'ಯನ್ನು ಇನ್ನೊಂದು ಜಿಲ್ಲೆಯವರು 'ಈರುಳ್ಳಿ' ಎಂದು ತಿದ್ದಿಕೊಳ್ಳಬಹುದು. ರೊಟ್ಟಿಯ ಜಾಗದಲ್ಲಿ ಮಂಡ್ಯದ ಶಾಲೆ ರಾಗಿಮುದ್ದೆಯನ್ನೂ, ಮಂಗಳೂರಿನ ಶಾಲೆ ಕುಚ್ಚಲಕ್ಕಿ ಅನ್ನವನ್ನೂ ಇಡಬಹುದು. ತಟ್ಟೆಯ ಕೋನಗಳು ಮಾತ್ರ ಬದಲಾಗಬಾರದು.

ಇಲ್ಲಿಗೆ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ವೆಕ್ಟರ್ ಚಿತ್ರದ ಹೆಚ್ಚುಗಾರಿಕೆ ಅದರ ನುಣುಪಿನಲ್ಲಿಲ್ಲ, ತಿದ್ದಿಕೊಳ್ಳಬಹುದು ಎಂಬುದರಲ್ಲಿದೆ. ಒಂದೇ ಪಟವನ್ನು ಎಲ್ಲ ಊರುಗಳಿಗೂ ಹೇರಲು ಬಳಸಿದ ಉಪಕರಣದಿಂದಲೇ ಊರಿಗೊಂದು ಪಟ ಮಾಡಲು ಸಾಧ್ಯ. ಸರಳೀಕರಣವೇ ಬೇಡವೆಂದು ನಾನು ಹೇಳುತ್ತಿಲ್ಲ. ಸರಳಗೊಳಿಸದ ವೈಜ್ಞಾನಿಕ ಚಿತ್ರವೇ ಇಲ್ಲ. ರೊಟ್ಟಿಯ ಮೇಲಿನ ಪ್ರತಿಯೊಂದು ಹಿಟ್ಟಿನ ಕಣವನ್ನೂ ಬರೆಯಬೇಕಾಗಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬ ತೀರ್ಮಾನ ಬರೆಯುವವರದಾಗಿರಬೇಕು, ಉಪಕರಣದ್ದಾಗಬಾರದು. ಸೀಳನ್ನು ಉಳಿಸಿ, ಹಿಟ್ಟಿನ ಪುಡಿಯನ್ನು ಬಿಟ್ಟರೆ ಅದು ವಿಜ್ಞಾನ. ಎರಡನ್ನೂ ಬಿಟ್ಟು ವೃತ್ತ ಎಳೆದರೆ ಅದು ಸೋಮಾರಿತನ.

ಶಿಕ್ಷಕ ಮಿತ್ರರೇ, ಮುಂದಿನ ಬಾರಿ ಶಾಲೆಗೆ ಹೊಸ ಪಟ ಬಂದಾಗ ಮೂರು ಪ್ರಶ್ನೆ ಕೇಳಿ. ಇದರಲ್ಲಿ ನಮ್ಮ ಊರಿನ ಊಟ ಇದೆಯೇ? ಇದ್ದರೆ ಅದನ್ನು ನೋಡಿ ಗುರುತಿಸಬಹುದೇ, ಅಥವಾ ಕೆಳಗಿನ ಹೆಸರು ಓದಿದ ಮೇಲಷ್ಟೇ ತಿಳಿಯುತ್ತದೆಯೇ? ಪ್ರಮಾಣ ಸರಿಯಿದೆಯೇ? ಉತ್ತರ 'ಇಲ್ಲ' ಎಂದಾದರೆ ಪಟವನ್ನು ಹರಿಯಬೇಡಿ. ಅದರ ಪಕ್ಕದಲ್ಲೇ ನಿಮ್ಮ ಮಕ್ಕಳು ಬರೆದ ತಟ್ಟೆಯನ್ನು ಅಂಟಿಸಿ. ಎರಡನ್ನೂ ಹೋಲಿಸಿ ತಪ್ಪು ಹುಡುಕುವ ಕೆಲಸವನ್ನು ಅವರಿಗೇ ಕೊಡಿ. ರೊಟ್ಟಿಯ ಅಂಚು ಏಕೆ ಸೀಳಿದೆ ಎಂದು ಒಂದು ಮಗು ಕೇಳಿದರೂ ಸಾಕು, ಅಂದಿನ ವಿಜ್ಞಾನದ ಪಾಠ ಅಲ್ಲಿಂದಲೇ ಆರಂಭವಾಗಲಿ.